ಮಳೆ ಬಂದರೆ ಎಕ್ಸಲೇಟರ್ ಗ್ರಿಪ್ ಜಾರುತ್ತದೆ, ಏನು ಮಾಡೋದು?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಬೇಸಿಗೆಯಲ್ಲಿ ಬೈಕಿನ ಎರಡೂ ಗ್ರಿಪ್ ನಾನೇ ಬದಲಾಯಿಸಿದೆ. ಒಳಗೆ ಹೋಗದೆ ಸತಾಯಿಸಿತು, ಪಾತ್ರೆ ತೊಳೆಯುವ ಸೋಪಿನ ನೀರು ಹಚ್ಚಿ ತಳ್ಳಿದೆ, ಸಲೀಸಾಗಿ ಕೂತಿತು. ಮಳೆ ಹಿಡಿಯುವ ತನಕ ಏನೂ ತೊಂದರೆ ಇರಲಿಲ್ಲ. ಈಗ ಬಲಗಡೆಯದು ಜಾರುತ್ತಿದೆ. ಮೊನ್ನೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ತಿರುವಲ್ಲಿ ಎಕ್ಸಲೇಟರ್ ಕೊಟ್ಟರೆ ರಬ್ಬರ್ ಮಾತ್ರ ತಿರುಗಿತು, ಬೈಕ್ ಎಳೆಯಲೇ ಇಲ್ಲ, ಹಿಂದೆ ಬಸ್ಸು ಬೇರೆ. ಜೀವ ಬಾಯಿಗೆ ಬಂತು. ಫೆವಿಕ್ವಿಕ್ ಹಾಕಿಬಿಡಲಾ?

ಉತ್ತರ (ಸಾಗರದಿಂದ):
ಬೇಡ, ಬೇಡ. ಮೊದಲು ಗ್ರಿಪ್‌ನ ಅಂಚು ಎತ್ತಿ ನಾಲ್ಕು ಹನಿ ನೀರು ಬಿಡಿ, ಕೈಯಲ್ಲಿ ಹಿಂಡಿ. ಏನು ಬರುತ್ತೆ ಹೇಳಿ.

ತೀರ್ಥಹಳ್ಳಿ:
ಬಿಳಿ ನೊರೆ ಬಂತು ಅಣ್ಣಾ!

ಸಾಗರ:
ಅದೇ ಕಾರಣ. ಸೋಪು ಒಳಗೇ ಒಣಗಿ ಕೂತಿತ್ತು, ಮಳೆ ನೀರು ಇಳಿದ ಕೂಡಲೇ ಮತ್ತೆ ಜಾರೋಕೆ ಶುರುವಾಯ್ತು. ಆ ಸೋಪಿನ ಮೇಲೆ ಯಾವ ಗಮ್ ಹಾಕಿದರೂ ನಿಲ್ಲಲ್ಲ. ಸರಿ ಆಗೋವರೆಗೆ ಆ ಬೈಕ್ ಓಡಿಸಬೇಡಿ. ಎಡಗಡೆ ಗ್ರಿಪ್ ಜಾರಿದರೆ ಕೈ ತಪ್ಪುತ್ತೆ, ಬಲಗಡೆಯದು ಜಾರಿದರೆ ಕೈಯ ಜೊತೆ ಎಕ್ಸಲೇಟರೂ ತಪ್ಪುತ್ತೆ.

ಸೈಕಲ್ಲಿನ ಹಳೆ ಕಡ್ಡಿಯ ತುದಿ ಉಜ್ಜಿ ನುಣುಪು ಮಾಡಿ, ಗ್ರಿಪ್ ಅಡಿ ತೂರಿಸಿ. ಮೆಡಿಕಲ್‌ನಲ್ಲಿ ಸಿಗುವ ಸಿರಿಂಜಿನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ತಿರುಚಿದರೆ ಹರಿಯದೆ ಬರುತ್ತೆ. ಆಮೇಲೆ ರಬ್ಬರಿನ ಒಳಭಾಗವನ್ನೂ ಪೈಪನ್ನೂ ನೀರಲ್ಲಿ ತೊಳೆದು, ಒರೆಸಿ, ಕೊನೆಗೆ ಮತ್ತೆ ಅದೇ ಆಲ್ಕೋಹಾಲ್‌ನಲ್ಲಿ ಉಜ್ಜಿ. ಬಿಳಿ ಬಟ್ಟೆಗೆ ಕೊಳೆ ಹತ್ತೋದು ನಿಲ್ಲೋವರೆಗೆ ಬಿಡಬೇಡಿ. ಪೆಟ್ರೋಲ್ ಬೇಡ, ಜಿಡ್ಡು ಉಳಿಯುತ್ತೆ. ನಿಮ್ಮ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯಬೇಕಾದ್ದು ಇದೊಂದೇ.

ಬಲಗಡೆ ಗ್ರಿಪ್ ಒಳಗಿನ, ಎಕ್ಸಲೇಟರ್ ಜೊತೆ ತಿರುಗುವ ಪ್ಲಾಸ್ಟಿಕ್ ಪೈಪನ್ನೂ ನೋಡಿ. ಬಿರುಕು ಬಿಟ್ಟಿದ್ದರೆ ಅಥವಾ ಅದರ ಮೇಲಿನ ಉಬ್ಬುಗೆರೆ ಸವೆದಿದ್ದರೆ ಬದಲಾಯಿಸಿ. ಎಡಗಡೆ ಗ್ರಿಪ್‌ನ ತೂತು ಚಿಕ್ಕದು, ಅದನ್ನು ಬಲಗಡೆ ತುರುಕಬೇಡಿ.

ಗ್ರಿಪ್‌ಗೆಂದೇ ಬರುವ ಗಮ್ ತನ್ನಿ. ತೆಳುವಾಗಿ ಹಚ್ಚಿ, ತಿರುಚುತ್ತಾ ಒಂದೇ ಸಲಕ್ಕೆ ತಳ್ಳಿ, ಅರ್ಧದಲ್ಲಿ ನಿಲ್ಲಿಸಿದರೆ ಅಲ್ಲೇ ಹಿಡಿದುಬಿಡುತ್ತೆ. ಆ ಪ್ಲಾಸ್ಟಿಕ್ ಪೈಪಿನ ಒಳಗೆ ಒಂದು ಹನಿಯೂ ಹೋಗಬಾರದು, ಹೋದರೆ ಎಕ್ಸಲೇಟರೇ ಅಂಟುತ್ತೆ. ಫೆವಿಕ್ವಿಕ್ ಗಾಜಿನ ಹಾಗೆ ಗಟ್ಟಿಯಾಗಿ, ಬೈಕಿನ ಅದುರಾಟಕ್ಕೆ ಒಡೆಯುತ್ತೆ. ಹೇರ್ ಸ್ಪ್ರೇ ಹಾಕಿ ಅಂತಲೂ ಕೆಲವರು ಹೇಳ್ತಾರೆ, ನಮ್ಮ ಮಳೆಗೆ ಅದನ್ನು ನಂಬಬೇಡಿ. ಗಮ್ ಹಚ್ಚಿದ ಬೈಕನ್ನು ಒಂದು ದಿನ ಮುಟ್ಟಬೇಡಿ. ಬೇಗ ಒಣಗಲಿ ಅಂತ ಬಚ್ಚಲೊಲೆ ಹತ್ತಿರ ಮಾತ್ರ ನಿಲ್ಲಿಸಬೇಡಿ, ಗಮ್ಮಿಗೂ ಆಲ್ಕೋಹಾಲಿಗೂ ಬೇಗ ಬೆಂಕಿ ಹತ್ತುತ್ತೆ.

ಇನ್ನೊಬ್ಬರು (ಹೊಸನಗರದಿಂದ):
ಗಮ್ ಒಣಗಿದ ಮೇಲೆ ತಂತಿಯನ್ನೂ ಕಟ್ಟಿ. ಗ್ರಿಪ್ ಮೇಲೆ ತಂತಿಗೆಂದೇ ಸಣ್ಣ ತೋಡು ಇರುತ್ತಲ್ಲ, ಅಲ್ಲಿ 0.8 ಮಿಮೀ ಸ್ಟೇನ್‌ಲೆಸ್ ತಂತಿ ಸುತ್ತಿ ಕಟಿಂಗ್ ಪ್ಲೇಯರಿನಲ್ಲಿ ತಿರುಚಿ. ರಬ್ಬರ್ ಸ್ವಲ್ಪ ಒತ್ತಿಕೊಂಡರೆ ಸಾಕು, ಕತ್ತರಿಸಬಾರದು. ತುದಿಯನ್ನು ಅಂಗೈ ತಾಗದ ಕಡೆ ಮಡಚಿ ರಬ್ಬರಿನೊಳಗೆ ಅದುಮಿ. ಕಬ್ಬಿಣದ ಬೈಂಡಿಂಗ್ ವೈರ್ ಆದರೆ ಮಳೆಗಾಲ ಮುಗಿಯೋದರೊಳಗೆ ತುಕ್ಕು.

ತೀರ್ಥಹಳ್ಳಿ:
ಎಲ್ಲ ಮಾಡಿದೆ. ಗ್ರಿಪ್ ಕಲ್ಲಿನ ಹಾಗೆ ಕೂತಿದೆ. ಆದರೆ ಎಕ್ಸಲೇಟರ್ ಬಿಟ್ಟರೆ ನಿಧಾನಕ್ಕೆ ವಾಪಸ್ ಬರುತ್ತಿದೆ.

ಸಾಗರ:
ಗ್ರಿಪ್ ಪೂರ್ತಿ ಒಳಗೆ ಹೋಗಿ ಸ್ವಿಚ್ಚಿನ ಡಬ್ಬಿಗೆ ಉಜ್ಜುತ್ತಿದೆ. 2 ಮಿಮೀ ಸಂದು ಬೇಕು, ಬ್ಲೇಡಿನಲ್ಲಿ ಅಂಚು ಕತ್ತರಿಸಿ. ಹೊರಗಡೆ ಹ್ಯಾಂಡಲ್ ತುದಿಗೆ ಹಾಕಿರುವ ತೂಕವೂ (ಬಾರ್ ಎಂಡ್) ಗ್ರಿಪ್‌ಗೆ ತಾಗಬಾರದು. ಆಮೇಲೆ ಇಂಜಿನ್ ಆಫ್ ಇರುವಾಗ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎಕ್ಸಲೇಟರ್ ಬಿಡಿ. ಎರಡೂ ಕಡೆ ಟಕ್ ಅಂತ ವಾಪಸ್ ಬಂದರೆ ಮಾತ್ರ ರಸ್ತೆಗೆ ಇಳಿಸಿ.

ತೀರ್ಥಹಳ್ಳಿ:
ಅಂಚು ಕತ್ತರಿಸಿದೆ, ಈಗ ಟಕ್ ಅಂತಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಣ್ಣಾ. ಎಡಗಡೆಯದಕ್ಕೂ ಅದೇ ಸೋಪು ಹಚ್ಚಿದ್ದೆ, ನಾಳೆ ಅದನ್ನು ಬಿಚ್ಚುತ್ತೇನೆ.