ಸಹಾಯ ಬೇಕು: 105 ಸಾಕಾ, ಅಲ್ಟೆಗ್ರಾಗೆ ಹೋಗಲಾ?

ನಮಸ್ಕಾರ. ನನ್ನ ರೋಡ್ ಸೈಕಲ್ಲಿನ ಹಳೇ ಶಿಮಾನೊ ಟಿಯಾಗ್ರಾ ಗೇರ್ ಸೆಟ್ ಕೈಕೊಡ್ತಿದೆ, ಅದಕ್ಕೇ ಮೇಲಿನ ದರ್ಜೆಯ 105 ಅಥವಾ ಅಲ್ಟೆಗ್ರಾ ಹಾಕಿಸೋ ಯೋಚನೆ. ನಂದಿ ಬೆಟ್ಟದ ತಿರುವುಗಳಲ್ಲಿ ಗೇರ್ ಬದಲಿಸೋ ಬಲಗಡೆ ಶಿಫ್ಟರ್ ಎರಡು ಸಲ ಒತ್ತಿದ್ರೆ ಒಂದು ಸಲ ಕೇಳುತ್ತೆ, ಚೈನು ಕಟಕಟ ಅನ್ನುತ್ತೆ.

ಶಿಮಾನೊ 105 ಆರ್7100 ಆದ್ರೆ ಕೇಬಲ್ಲಲ್ಲೇ 12 ಸ್ಪೀಡ್ (ಹಿಂದೆ 12 ಗೇರ್). ಅಲ್ಟೆಗ್ರಾ ಆರ್8100 ಅಂದ್ರೆ ಬ್ಯಾಟರಿಯಲ್ಲಿ ಗೇರ್ ಬದಲಿಸೋ ಎಲೆಕ್ಟ್ರಾನಿಕ್ ಡಿಐ2 ಮಾತ್ರ, ಬೆಲೆಯೂ ಹಾಗೇ ಏರುತ್ತೆ. ನನ್ನದು ಡಿಸ್ಕ್ ಬ್ರೇಕ್ ಫ್ರೇಮು. ಹಿಂಚಕ್ರದ ನಡುವಿನ 11 ಸ್ಪೀಡ್ ಫ್ರೀಹಬ್ಬಿಗೆ ಎರಡರ ಕ್ಯಾಸೆಟ್ಟೂ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕೂರುತ್ತೆ. ಅಂಗಡಿಯವರು "ಅಲ್ಟೆಗ್ರಾ ಹಗುರ ಸಾರ್" ಅಂತಾರೆ. ಹೊಟ್ಟೆಯಲ್ಲೇ ಆರು ಕಿಲೋ ಹೊತ್ಕೊಂಡು ಹೋಗೋನಿಗೆ ಆ ಗ್ರಾಂ ಲೆಕ್ಕ ಯಾಕೆ? 105ರಲ್ಲಿ 11-36 ಕ್ಯಾಸೆಟ್ (11ರಿಂದ 36 ಹಲ್ಲಿನವರೆಗೆ) ಇದೆ, ಹಿಂದೆ ಹಲ್ಲು ಜಾಸ್ತಿ ಇದ್ರೆ ಏರು ಹತ್ತೋದು ಹಗುರ, ಮಂಡಿಗೆ ಅದೇ ವಾಸಿ ಅನ್ನಿಸ್ತಿದೆ.

ಎರಡನ್ನೂ ಓಡಿಸಿದವರು ಹೇಳಿ: ಮಳೆಗಾಲದ ಕೆಸರಲ್ಲಿ ಡಿಐ2 ಹೇಗಿರುತ್ತೆ? ಉಳಿದ ದುಡ್ಡು ಒಳ್ಳೇ ಟೈರಿಗೆ ಹಾಕಲಾ?