1.8 ಟರ್ಬೊ ಆಕ್ಟೇವಿಯಾಗೆ ಬಾಳಿಕೆ ಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್: ಬೀಡು (ಎರಕದ ಕಬ್ಬಿಣ) ಒಳ್ಳೆಯದೋ, ಸ್ಟೀಲ್ ಪೈಪೋ?

ಘಾಟಿ_20ವಿ

ಕಾರು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. 1781 ಸಿಸಿ, 20 ವಾಲ್ವ್, ಕಂಪನಿಯದೇ ಕೆ03 ಟರ್ಬೊ. ನಾಲ್ಕೂ ಸಿಲಿಂಡರಿನ ಹೊಗೆಯನ್ನು ಒಟ್ಟುಗೂಡಿಸಿ ಟರ್ಬೊಗೆ ಒಯ್ಯುವ ಮ್ಯಾನಿಫೋಲ್ಡಿನ 2 ಮತ್ತು 3ನೇ ಪೋರ್ಟ್ (ಹೊಗೆ ಬಾಯಿ) ಕೂಡುವ ಜಾಗದಲ್ಲಿ ಬಿರುಕು ಬಿಟ್ಟಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಎಂಜಿನ್ ಕಾದ ಮೇಲೆ ಕಡಿಮೆಯಾಗುತ್ತದೆ. ಬಿರುಕಿನ ಸುತ್ತ ಮಸಿ ಹಿಡಿದಿದೆ.

ಮೂರು ದಾರಿ ಕಾಣುತ್ತಿದೆ: ಹೊರಗಿನ ಕಂಪನಿಯ ಎರಕದ ಮ್ಯಾನಿಫೋಲ್ಡ್, ಆನ್‌ಲೈನ್‌ನಲ್ಲಿ ಸಿಗುವ 304 ಜಾತಿಯ ಸ್ಟೇನ್‌ಲೆಸ್ ಸ್ಟೀಲ್ ಪೈಪಿನದು, ಇಲ್ಲವೇ ಪೀಣ್ಯ ಕಡೆ ಅಳತೆ ಕೊಟ್ಟು ಮಾಡಿಸುವುದು. ಗುರಿ 200 ಎಚ್‌ಪಿ ಒಳಗೇ. ದಿನಾ ಬೆಂಗಳೂರು ಟ್ರಾಫಿಕ್, ಆಗಾಗ ಚಾರ್ಮಾಡಿ ಘಾಟಿ. ಐದಾರು ವರ್ಷ ಮತ್ತೆ ಬಿಚ್ಚದ ಹಾಗಿರಬೇಕು. ಹಳೆಯದಕ್ಕೇ ವೆಲ್ಡ್ ಮಾಡಿಸಿದರೆ ನಡೆಯುತ್ತದೆಯೇ?

ಬೀಡು_ಭಟ್ಟಿ

ವೆಲ್ಡ್ ಬೇಡ. ನಿಕ್ಕಲ್ ರಾಡಿನಿಂದ ಬೆಸೆದರೂ ಬೆಸುಗೆಯ ಪಕ್ಕದ ಬೀಡು ಬೇಗ ತಣಿದು ಗಾಜಿನಂತೆ ಗಡುಸಾಗುತ್ತದೆ. ಮುಂದಿನ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ನಿಮ್ಮ ಬಳಕೆಗೆ ಎರಕದ್ದೇ ಸರಿ. ಲೆಕ್ಕ ಹಾಕಿ ನೋಡಿ. ಈ ಎಂಜಿನ್ನಿನ ಸಿಲಿಂಡರ್ ಅಂತರ 88 ಮಿ.ಮೀ. ಅಂದಮೇಲೆ ಸಿಲಿಂಡರ್ ಹೆಡ್ ಕಡೆ ಬಿಗಿಯುವ ಚಪ್ಪಟೆ ಪಟ್ಟಿಯ (ಫ್ಲಾಂಜ್) ಉದ್ದ ಸುಮಾರು 330 ಮಿ.ಮೀ. ಫ್ಲಾಂಜ್ 450 ಡಿಗ್ರಿಗೆ ಕಾಯ್ದರೆ ಬೀಡು 1.7 ಮಿ.ಮೀ.ನಷ್ಟು ಹಿಗ್ಗುತ್ತದೆ, 304 ಸ್ಟೀಲ್ 2.4ರಷ್ಟು. ಅಲ್ಯೂಮಿನಿಯಂ ಹೆಡ್ ನೀರಿನಿಂದ ತಣ್ಣಗಿರುವುದರಿಂದ ಅದು ಹಿಗ್ಗುವುದು 0.6 ಮಾತ್ರ. ಮಧ್ಯದಿಂದ ಅಳೆದರೆ ಬೀಡಿನ ತುದಿ ಹೆಡ್‌ಗಿಂತ ಅರ್ಧ ಮಿ.ಮೀ. ಆಚೆ ಸರಿಯುತ್ತದೆ, ಸ್ಟೀಲಿನ ತುದಿ 0.9. 8 ಮಿ.ಮೀ. ದಪ್ಪದ ಎಂ8 ಸ್ಟಡ್‌ಗೆ (ಹೆಡ್‌ನಲ್ಲಿ ಕೂರುವ ತಲೆಯಿಲ್ಲದ ಬೋಲ್ಟು) 9 ಮಿ.ಮೀ. ತೂತಿದ್ದರೆ ಒಂದು ಕಡೆಗೆ ಸಿಗುವ ಜಾಗ ಅರ್ಧ ಮಿ.ಮೀ. ಬೀಡು ಅದರೊಳಗೆ ಹೇಗೋ ಹೊಂದಿಕೊಳ್ಳುತ್ತದೆ. ಸ್ಟೀಲಿಗೆ ಜಾಗ ಸಾಲದೆ ಅದು ಸ್ಟಡ್ಡನ್ನು ಬಗ್ಗಿಸುತ್ತದೆ, ಇಲ್ಲವೇ ತಾನೇ ಬಾಗುತ್ತದೆ. ತುದಿಯ ಸ್ಟಡ್‌ಗಳೇ ಮೊದಲು ತುಂಡಾಗುವುದು ಈ ಕಾರಣಕ್ಕೆ.

ಕೊಳ್ಳುವಾಗ ಎರಕ ಯಾವ ಜಾತಿಯದು ಎಂದು ಕೇಳಿ. ಮಾಮೂಲಿ ಗ್ರೇ ಐರನ್ ಬೇಡ. ಸಿಲಿಕಾನ್, ಮಾಲಿಬ್ಡಿನಂ ಸೇರಿಸಿದ ಡಕ್ಟೈಲ್ ಐರನ್ ಆಗಿರಬೇಕು. ನಿ-ರೆಸಿಸ್ಟ್ (ನಿಕ್ಕಲ್ ಹೆಚ್ಚಿರುವ ಬೀಡು) ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ 200 ಎಚ್‌ಪಿಗೆ ಅದು ಹೆಚ್ಚೇ ಆಯಿತು. ಕೈಗೆ ಬಂದ ಮೇಲೆ ಫ್ಲಾಂಜಿನ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು 0.1 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. ತೂರಿತೆಂದರೆ ಹಾಕುವ ಮುಂಚೆ ಫೇಸಿಂಗ್ ಮಾಡಿಸಿ, ಅಂದರೆ ಮೆಷಿನ್ನಿನಲ್ಲಿ ಮೈ ಸಮ ಮಾಡಿಸಿ. ನಾಲ್ಕೂ ಪೋರ್ಟ್ ಬಾಯಿಯಲ್ಲಿ ಗೋಡೆ ದಪ್ಪ ಅಳೆಯಿರಿ. ಒಂದು ಬದಿ 6, ಇನ್ನೊಂದು ಬದಿ 3 ಬಂದರೆ ಎರಕ ಹೊಯ್ಯುವಾಗ ಕೋರ್ (ಒಳಗಿನ ಮರಳಚ್ಚು) ಜರುಗಿದೆ ಎಂದರ್ಥ, ವಾಪಸ್ ಕಳಿಸಿ.

ಒಳಗೆ ಬೆರಳಾಡಿಸಿ ನೋಡುವುದನ್ನು ಮರೆಯಬೇಡಿ. ಹೊಸ ಎರಕದ ಒಳಮೈಯಲ್ಲಿ ಅಂಟಿಕೊಂಡ ಮರಳು ಬಿಸಿಗೆ ಉದುರಿ ನೇರ ಟರ್ಬೈನ್ ಚಕ್ರಕ್ಕೆ ಬಡಿಯುತ್ತದೆ. ವೈರ್ ಬ್ರಷ್ ಹಾಕಿ, ಕಂಪ್ರೆಸರ್ ಗಾಳಿ ಊದಿ, ತೊಳೆದು ಒಣಗಿಸಿ.

ಆರ್ಗನ್_ಟಾರ್ಚ್

ಮೇಲಿನ ಮಾತು ಒಪ್ಪುತ್ತೇನೆ. ಆದರೆ ಪೈಪಿನದು ಒಡೆಯುವುದು ಅದು ಪೈಪು ಎಂಬ ಕಾರಣಕ್ಕಲ್ಲ, ತೆಳು ಪೈಪು, ಕೆಟ್ಟ ಬೆಸುಗೆ ಎಂಬ ಕಾರಣಕ್ಕೆ. ಆನ್‌ಲೈನ್‌ನ ಅಗ್ಗದ ಮಾಲು ಹೆಚ್ಚಾಗಿ 1.5 ಮಿ.ಮೀ. ಟ್ಯೂಬು. ಟರ್ಬೊ ಭಾರವನ್ನು ಅದರ ಮೇಲೆ ನೇತು ಹಾಕಿದರೆ ಕತ್ತು ಮುರಿಯದೆ ಇನ್ನೇನು?

ಮಾಡಿಸುವುದೇ ಆದರೆ ಟ್ಯೂಬು ಬಿಡಿ, ಶೆಡ್ಯೂಲ್ 10 (ಗೋಡೆ ದಪ್ಪದ ದರ್ಜೆ) ಪೈಪು ಮತ್ತು ಅದರದ್ದೇ ವೆಲ್ಡ್ ಎಲ್ಬೋ ತನ್ನಿ. ಒಂದೂಕಾಲು ಇಂಚಿನದರ ಹೊರ ವ್ಯಾಸ 42.2, ಗೋಡೆ 2.77, ಒಳಗೆ 36.6 ಮಿ.ಮೀ. ಉಳಿಯುತ್ತದೆ. ಈ ಎಂಜಿನ್‌ಗೆ ಅಷ್ಟು ಸಾಕು.

304 ಸ್ಟೀಲ್ 425ರಿಂದ 815 ಡಿಗ್ರಿ ನಡುವೆ ಬಹಳ ಹೊತ್ತು ಇದ್ದರೆ ಅದರ ಕಾರ್ಬನ್ನು ಕ್ರೋಮಿಯಂ ಜೊತೆ ಸೇರಿ ಕಣಗಳ ಅಂಚಿನಲ್ಲಿ ಕೂರುತ್ತದೆ, ಆ ಅಂಚು ದುರ್ಬಲವಾಗುತ್ತದೆ. ಟರ್ಬೊ ಮ್ಯಾನಿಫೋಲ್ಡ್ ದಿನವಿಡೀ ಇರುವುದೇ ಆ ಬಿಸಿಯಲ್ಲಿ. 321 ಜಾತಿಯ ಸ್ಟೀಲಿನಲ್ಲಿ ಟೈಟಾನಿಯಂ, 347ರಲ್ಲಿ ನಿಯೋಬಿಯಂ ಆ ಕಾರ್ಬನ್ನನ್ನು ಮೊದಲೇ ಹಿಡಿದಿಡುತ್ತವೆ. ಆದ್ದರಿಂದ 321 ಪೈಪು, ಅದಕ್ಕೆ 347 ಫಿಲ್ಲರ್ ರಾಡು. 321 ರಾಡು ಕೇಳಬೇಡಿ, ಟೈಟಾನಿಯಂ ಆರ್ಕಿನಲ್ಲಿ ಉರಿದುಹೋಗುತ್ತದೆ. 321 ಸಿಗದೆ 304 ಬಳಸುವುದಾದರೆ ಕಾರ್ಬನ್ ಕಡಿಮೆ ಇರುವ 304ಎಲ್ ತೆಗೆದುಕೊಂಡು 308ಎಲ್ ರಾಡು ಹಾಕಿಸಿ.

ಅಂಗಡಿಯವರು 304 ಅಂದ ಮಾತ್ರಕ್ಕೆ ಅದು 304 ಅಲ್ಲ. ನಮ್ಮ ಮಾರುಕಟ್ಟೆಯಲ್ಲಿ 202 ಜಾತಿಯ ಸ್ಟೀಲೂ ಹಾಗೇ ಹೊಳೆಯುತ್ತದೆ, ಅಯಸ್ಕಾಂತಕ್ಕೂ ಅಂಟುವುದಿಲ್ಲ. ಒಂದು ತುಂಡು ಕತ್ತರಿಸಿ ಲ್ಯಾಬಿನಲ್ಲಿ ಯಾವ ಲೋಹ ಎಷ್ಟಿದೆ ಎಂದು ತಿಳಿಸುವ ಸ್ಪೆಕ್ಟ್ರೋ ಪರೀಕ್ಷೆ ಮಾಡಿಸಿ. ನಿಕ್ಕಲ್ 8 ಶೇಕಡಾ ಇಲ್ಲದಿದ್ದರೆ ಆ ಮಾಲು ಬೇಡ.

ಬೆಸುಗೆ ಟಿಗ್ (ಆರ್ಗನ್ ಅನಿಲದ ರಕ್ಷಣೆಯಲ್ಲಿ ಮಾಡುವ ಬೆಸುಗೆ) ಆಗಿರಬೇಕು, ಪೈಪಿನ ಒಳಗೂ ಆರ್ಗನ್ ಹರಿಯುತ್ತಿರಬೇಕು. ಮುಗಿದ ಮೇಲೆ ಪೋರ್ಟಿನೊಳಗೆ ಟಾರ್ಚ್ ಹಾಕಿ ನೋಡಿ. ಒಳಗೆ ಕರಿ ಸಕ್ಕರೆ ಹರಳಿನಂತೆ ಒರಟಾಗಿ ಉಬ್ಬಿದ್ದರೆ ಆರ್ಗನ್ ಉಳಿಸಿದ್ದಾರೆ ಎಂದೇ ಲೆಕ್ಕ. ಬಿರುಕು ಹುಟ್ಟುವುದೂ ಅಲ್ಲೇ, ಉದುರಿದ ಚೂರು ಹೋಗುವುದು ಟರ್ಬೈನಿಗೆ.

ಹೆಡ್ ಫ್ಲಾಂಜ್ 10ರಿಂದ 12 ಮಿ.ಮೀ. ದಪ್ಪ ಇರಲಿ. ದಪ್ಪ ಲೋಹದ ಹಲಗೆಗೆ ಬಿಗಿದೇ ಬೆಸೆಯಬೇಕು, ತಣ್ಣಗಾಗುವವರೆಗೂ ಬಿಚ್ಚಬಾರದು, ಆಮೇಲೆ ಫೇಸಿಂಗ್. ತುದಿಯ ತೂತುಗಳನ್ನು ಉದ್ದಕ್ಕೆ 10.5 ಮಿ.ಮೀ.ಗೆ ಎಳೆಸಿ. ಪೋರ್ಟುಗಳ ನಡುವೆ ಫ್ಲಾಂಜ್ ಕತ್ತರಿಸಿದರೆ ಇನ್ನೂ ಒಳ್ಳೆಯದು, ಒಂದೊಂದು ತುಂಡೂ ತನ್ನಷ್ಟಕ್ಕೆ ಹಿಗ್ಗುತ್ತದೆ. ರನ್ನರ್‌ಗಳ (ಒಂದೊಂದು ಪೋರ್ಟಿನಿಂದ ಹೊರಡುವ ಪೈಪುಗಳ) ನಡುವೆ ಗಟ್ಟಿಯಾಗಲಿ ಎಂದು ಪಟ್ಟಿ ಬೆಸೆಯಲು ಬಿಡಬೇಡಿ. ಹಿಗ್ಗುವ ಲೋಹವನ್ನು ಕಟ್ಟಿಹಾಕಿದರೆ ಅದು ಪಟ್ಟಿಯ ಬುಡದಲ್ಲೇ ಹರಿಯುತ್ತದೆ.

ಇಷ್ಟೆಲ್ಲ ಮಾಡಿಸಿದರೂ ಕೆ03 ಜೊತೆ ಶಕ್ತಿ ಅಷ್ಟೇನೂ ಏರುವುದಿಲ್ಲ. ಅಲ್ಲಿ ಗಂಟಲು ಹಿಡಿಯುವುದು ಟರ್ಬೈನ್ ಹೌಸಿಂಗೇ. ಮುಂದೆ ದೊಡ್ಡ ಟರ್ಬೊ ಹಾಕುವ ಯೋಚನೆ ಇಲ್ಲದಿದ್ದರೆ ಎರಕದ್ದೇ ತೆಗೆದುಕೊಳ್ಳಿ.

ಟಾರ್ಕ್_ರೆಂಚ್

ಹೊಸದು ಹಾಕುವ ಮುಂಚೆ ಹಳೆಯದು ಯಾಕೆ ಒಡೆಯಿತು ಎಂದು ನೋಡಲೇಬೇಕು. ಇಲ್ಲವಾದರೆ ಎಷ್ಟು ಒಳ್ಳೆಯದು ತಂದರೂ ಅದೇ ಜಾಗದಲ್ಲಿ ಒಡೆಯುತ್ತದೆ.

ಟರ್ಬೊದಿಂದ ಬ್ಲಾಕಿಗೆ ಹೋಗುವ ಆಸರೆ ಬ್ರಾಕೆಟ್ ಇದೆಯೇ? ಟರ್ಬೊ ಇಳಿಸಿದ ಕಾರುಗಳಲ್ಲಿ ಬಹಳ ಸಲ ಅದು ಮಾಯವಾಗಿರುತ್ತದೆ, ಯಾಕೆಂದರೆ ವಾಪಸ್ ಕೂರಿಸುವುದು ಕಷ್ಟ. ಡೌನ್‌ಪೈಪಿನ (ಟರ್ಬೊದಿಂದ ಕೆಳಗಿಳಿಯುವ ಹೊಗೆ ಪೈಪು) ಫ್ಲೆಕ್ಸ್, ಅಂದರೆ ಬಾಗುವ ಜೋಡಣೆ, ಕೈಯಲ್ಲಿ ಅಲುಗುತ್ತದೆಯೇ? ಅದು ಸೆಟೆದುಕೊಂಡಿದ್ದರೆ, ಅಥವಾ ಎಂಜಿನ್ ಮೌಂಟ್ ಸತ್ತಿದ್ದರೆ, ಎಂಜಿನ್ ಪ್ರತಿ ಸಲ ವಾಲಿದಾಗಲೂ ಆ ಜಗ್ಗಾಟ ಮ್ಯಾನಿಫೋಲ್ಡಿಗೆ ಬರುತ್ತದೆ. ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಕಟ್ಟಿಕೊಂಡಿದೆಯೇ ಎಂದೂ ನೋಡಿ: ಕ್ಯಾಟ್‌ಗೆ ಮುಂಚಿನ ಆಕ್ಸಿಜನ್ ಸೆನ್ಸರ್ ತೂತಿಗೆ ಒತ್ತಡದ ಗೇಜ್ ಹಾಕಿ 2500 ಆರ್‌ಪಿಎಂನಲ್ಲಿ 0.2 ಬಾರ್ ದಾಟಿದರೆ ಅನುಮಾನಿಸಿ.

ಕೂರಿಸುವಾಗ ಎಲ್ಲ ಸ್ಟಡ್, ನಟ್ ಹೊಸದು ಹಾಕಿ. ಗ್ಯಾಸ್ಕೆಟ್ ಪದರ ಪದರದ ಸ್ಟೀಲಿನದು. ನಟ್ ಮಧ್ಯದಿಂದ ಶುರುಮಾಡಿ ಹೊರಗಡೆಗೆ, ಎರಡು ಸುತ್ತಿನಲ್ಲಿ 25 ನ್ಯೂಟನ್ ಮೀಟರ್. ಗಟ್ಟಿಯಾಗಲಿ ಎಂದು 35ಕ್ಕೆ ಏರಿಸಿದರೆ ಫ್ಲಾಂಜ್ ಜಾರಲು ಆಗದೆ ಸ್ಟಡ್ ತುಂಡಾಗುತ್ತದೆ. ಆಸರೆ ಬ್ರಾಕೆಟ್ಟಿನ ಬೋಲ್ಟುಗಳನ್ನು ಕೈಯಲ್ಲೇ ತಿರುಗಿಸಿ ಬಿಡಿ, ಟರ್ಬೊ ಮತ್ತು ಡೌನ್‌ಪೈಪ್ ಎರಡೂ ಬಿಗಿಯಾದ ಮೇಲೆ ಕೊನೆಗೆ ಬಿಗಿಯಿರಿ. ಮೊದಲೇ ಬಿಗಿದರೆ ಆಸರೆಯೇ ಟರ್ಬೊವನ್ನು ಒಂದು ಕಡೆ ಎಳೆದು ಹಿಡಿಯುತ್ತದೆ. ಎರಡು ಮೂರು ಸಲ ಚೆನ್ನಾಗಿ ಕಾಯ್ದು ಪೂರ್ತಿ ತಣಿದ ನಂತರ ನಟ್ ಮತ್ತೊಮ್ಮೆ ಪರೀಕ್ಷಿಸಿ. ಬಿಸಿ ಇರುವಾಗ ಮುಟ್ಟಬೇಡಿ.

ಘಾಟಿ_20ವಿ

ಆಸರೆ ಬ್ರಾಕೆಟ್ ಇಲ್ಲ! ಈಗಷ್ಟೇ ಕೆಳಗಿನಿಂದ ನೋಡಿದೆ, ಬ್ಲಾಕಿನಲ್ಲಿ ತೂತು ಖಾಲಿ ಇದೆ. ಎರಕದ್ದೇ ತರಿಸುತ್ತೇನೆ. ಫೈರ್‌ವಾಲ್ ಬಿಸಿಯಾಗದಂತೆ ಹೀಟ್ ರ‍್ಯಾಪ್ (ಬಿಸಿ ತಡೆಯುವ ಪಟ್ಟಿ) ಸುತ್ತಲೇ?

ಆರ್ಗನ್_ಟಾರ್ಚ್

ಬೇಡ. ಪಟ್ಟಿ ಸುತ್ತಿದರೆ ಬಿಸಿ ಲೋಹದಲ್ಲೇ ಉಳಿಯುತ್ತದೆ, ಮಳೆನೀರು ಹೀರಿಕೊಂಡು ತುಕ್ಕಿಗೂ ದಾರಿ. ಬಿರುಕು ಬಂದರೂ ಕಾಣುವುದಿಲ್ಲ. ಟರ್ಬೈನ್ ಹೌಸಿಂಗಿಗೆ ಮಾತ್ರ ಬ್ಲಾಂಕೆಟ್ ಹಾಕಿ, ಕಂಪನಿಯ ತಗಡಿನ ಹೀಟ್ ಶೀಲ್ಡ್ ವಾಪಸ್ ಕೂರಿಸಿ. ಈ ಕಾರಿನಲ್ಲಿ ಮ್ಯಾನಿಫೋಲ್ಡ್ ಎಂಜಿನ್ ಹಿಂದೆ ಇರುವುದರಿಂದ ಕೆಳಗಿನ ಅಂಡರ್‌ಟ್ರೇ ಇದೆಯೇ ಎಂದೂ ನೋಡಿ. ಅದಿಲ್ಲದೆ ಮಳೆಗಾಲದಲ್ಲಿ ಘಾಟಿ ಹತ್ತಿದರೆ ಕೆಂಪಗೆ ಕಾದ ಬೀಡಿನ ಮೇಲೆ ಗುಂಡಿಯ ನೀರು ನೇರ ಎರಚುತ್ತದೆ.