ರೀಜನಲ್‌ನಲ್ಲೇ ಕ್ಯಾಪ್ಟನ್ ಆಗಲೋ, ಮೇನ್‌ಲೈನ್‌ಗೆ ಹೋಗಲೋ? ಅನುಭವ ಇದ್ದವರು ಹೇಳಿ

ಷಾರ್ಲಟ್ ಹುಡುಗ: ನಮಸ್ಕಾರ. ಅಮೆರಿಕದ ಒಂದು ರೀಜನಲ್ ಕಂಪನಿಯಲ್ಲಿ (ದೊಡ್ಡ ಏರ್‌ಲೈನ್ ಪರವಾಗಿ ಚಿಕ್ಕ ವಿಮಾನ ಹಾರಿಸುವ ಕಂಪನಿ) ಎರಡು ವರ್ಷದಿಂದ ಎಂಬ್ರೇಯರ್ 175 ವಿಮಾನದ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್. ಈಗ ಕ್ಯಾಪ್ಟನ್ ಅಪ್‌ಗ್ರೇಡ್ ಬಂದಿದೆ. ಅದೇ ವಾರ ಮೇನ್‌ಲೈನ್‌ನಿಂದ, ಅಂದರೆ ದೊಡ್ಡ ಏರ್‌ಲೈನ್‌ನಿಂದ, ಕ್ಲಾಸ್ ಡೇಟ್ (ಸೇರಿ ತರಬೇತಿ ಶುರು ಮಾಡುವ ದಿನ) ಕೂಡ ಬಂತು. ಅಲ್ಲಿ ಮೊದಲ ವರ್ಷ ಇಲ್ಲಿನ ಕ್ಯಾಪ್ಟನ್‌ಗಿಂತ ಸಂಬಳ ಕಡಿಮೆ. ಹೆಂಡತಿಗೆ ಏಳು ತಿಂಗಳು. ಏನು ಮಾಡಲಿ?

ಡ್ಯಾಶ್ ಹಾರಿಸಿದವ: ನಾನು ರೀಜನಲ್ ಸೇರಿದ್ದು 2008ರಲ್ಲಿ. ಗಂಟೆಗೆ 21 ಡಾಲರ್, ತಿಂಗಳಿಗೆ 75 ಗಂಟೆ ಗ್ಯಾರಂಟಿ. ಅಂದರೆ 1,575 ಡಾಲರ್, ಅದರಲ್ಲಿ ತೆರಿಗೆ ಬೇರೆ. ಫ್ಲೈಯಿಂಗ್ ಕಲಿಯಲು ಮಾಡಿದ ಸಾಲದ ಕಂತೇ 640. ಕ್ರ್ಯಾಶ್‌ಪ್ಯಾಡ್‌ಗೆ (ಡ್ಯೂಟಿ ಊರಲ್ಲಿ ಪೈಲಟ್‌ಗಳು ಹಂಚಿಕೊಳ್ಳುವ ಬಾಡಿಗೆ ರೂಮು) 225: ಒಂದೇ ರೂಮಿನಲ್ಲಿ ಆರು ಬಂಕ್, ನನ್ನದು ಮೇಲಿನದು, ಎದ್ದು ಕೂತರೆ ತಲೆ ಸೀಲಿಂಗ್‌ಗೆ ತಾಗುತ್ತಿತ್ತು. ವಿಮಾನ ಗೇಟು ಬಿಟ್ಟ ಮೇಲೆ ಮಾತ್ರ ದುಡ್ಡು. ಒಮ್ಮೆ ಹಿಮ ಬಿದ್ದು ನಾಲ್ಕು ಗಂಟೆ ಗೇಟಿನಲ್ಲೇ ಕೂತೆ, ಒಂದು ಸೆಂಟ್ ಬರಲಿಲ್ಲ. ಬಾಲದ ಮೇಲೆ ದೊಡ್ಡ ಕಂಪನಿಯ ಬಣ್ಣ, ಟಿಕೆಟ್ಟೂ ಅವರದೇ. ಸಂಬಳ ಮಾತ್ರ ಬೇರೆ. ದೊಡ್ಡ ಕಂಪನಿಯ ಪೈಲಟ್ ಒಪ್ಪಂದದಲ್ಲಿ ಸ್ಕೋಪ್ ಅಂತ, ರೀಜನಲ್ ವಿಮಾನಗಳಿಗೆ 76 ಸೀಟಿನ ಗೆರೆ ಎಳೆದಿದ್ದಾರಲ್ಲ, ಗೆರೆಯ ಈಚೆ ಇದ್ದವರು ಅನುಭವಿಸಬೇಕು. ಮೇನ್‌ಲೈನ್‌ಗೆ ಹೋಗಿ, ಯೋಚನೆ ಮಾಡಬೇಡಿ.

ಎಡಗಡೆ ಸೀಟು: ಸರ್, ಅದು ಹಳೆಯ ಕಾಲ. 2022ರ ಜೂನ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ರೀಜನಲ್‌ಗಳಲ್ಲಿ ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್, ಹೊಸ ಕ್ಯಾಪ್ಟನ್‌ಗೆ 146 ಆಯಿತು. ಬೇರೆ ಕಂಪನಿಯಲ್ಲಿದ್ದ ನಮಗೂ ಹಿಂದೆಯೇ ಏರಿತು. ಅದನ್ನು ನೋಡಿಯೇ ನಾನು ಉಳಿದೆ. ಮೇನ್‌ಲೈನ್ ಕ್ಲಾಸ್ ಬಿಟ್ಟು ಕ್ಯಾಪ್ಟನ್ ಆದೆ. ಅಮ್ಮನಿಗೆ ಫೋಟೋ ಕಳಿಸಿದೆ, ಹೆಗಲ ಮೇಲೆ ಕ್ಯಾಪ್ಟನ್‌ನ ನಾಲ್ಕು ಪಟ್ಟಿ. ನಮ್ಮೂರಿನ ಮನೆಯ ಗೋಡೆ ಮೇಲೆ ಈಗಲೂ ಇದೆ. ಆದರೆ 2024ರಲ್ಲಿ ಮೇನ್‌ಲೈನ್ ನೇಮಕ ನಿಧಾನ ಆಯಿತು. ನನ್ನ ಪಕ್ಕ ಕೂರುತ್ತಿದ್ದ ಹುಡುಗ ನಾನು ಬಿಟ್ಟ ಆ ಕ್ಲಾಸಿಗೆ ಹೋಗಿದ್ದ. ಈಗ ನಾನೂ ಅಲ್ಲೇ ಇದ್ದೇನೆ, ಸೀನಿಯಾರಿಟಿ ಪಟ್ಟಿಯಲ್ಲಿ (ಸೇರಿದ ಕ್ರಮದ ಪಟ್ಟಿ, ರಜೆ ಡ್ಯೂಟಿ ಎಲ್ಲ ಅದರ ಪ್ರಕಾರವೇ) ಅವನಿಗಿಂತ 1,900 ಜನ ಕೆಳಗೆ. ದೀಪಾವಳಿಗೆ ಅವನು ಮನೆಯಲ್ಲಿ, ನಾನು ರಿಸರ್ವ್, ಕರೆದಾಗ ಹೋಗಬೇಕು. 65ಕ್ಕೆ ರಿಟೈರ್ ಆಗುವ ತನಕ ಈ ಅಂತರ ಹೋಗಲ್ಲ. ಆದರೂ ಕ್ಯಾಪ್ಟನ್ ಆಗಿದ್ದು ತಪ್ಪು ಅಂತ ಯಾರೂ ಹೇಳಬೇಡಿ. ಏರ್‌ಲೈನ್ ಸೇರುವ ಮೊದಲು 1,500 ಗಂಟೆ ಹಾರಿರಬೇಕು ಅನ್ನುವ ನಿಯಮದಿಂದ ಎರಡು ವರ್ಷ ಸೆಸ್ನಾ ಅನ್ನುವ ಚಿಕ್ಕ ವಿಮಾನದಲ್ಲಿ ಪಾಠ ಹೇಳಿಕೊಂಡು ಕಳೆದವನು ನಾನು. ಆ ಸುಡುಗಾಡು ನಿಯಮ ಇಲ್ಲದಿದ್ದರೆ ಎಂದೋ ಮೇನ್‌ಲೈನ್‌ನಲ್ಲಿರುತ್ತಿದ್ದೆ.

ಡ್ಯಾಶ್ ಹಾರಿಸಿದವ: ಸುಡುಗಾಡು ನಿಯಮವಾ? 2009ರ ಫೆಬ್ರವರಿಯಲ್ಲಿ ಬಫಲೋ ನಗರದ ಹತ್ತಿರ ರೀಜನಲ್ ವಿಮಾನ ಬಿದ್ದು 50 ಜನ ಸತ್ತ ಮೇಲೆ ಬಂದ ನಿಯಮ ಅದು. ನಾನು ಹಾರಿಸಿದಂಥದೇ ಡ್ಯಾಶ್ 8, ಕ್ಯೂ400 ಮಾದರಿ. ಫಸ್ಟ್ ಆಫೀಸರ್ ಹುಡುಗಿಗೆ 24 ವರ್ಷ. ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ನ್ಯೂವರ್ಕ್‌ಗೆ ಡ್ಯೂಟಿಗೆ ಬಂದಿದ್ದಳು. ನಾನೂ ಹಾಗೇ ಬರುತ್ತಿದ್ದೆ. ಆ ನಿಯಮದಿಂದ ಪೈಲಟ್‌ಗಳ ಕೊರತೆ ಬಿದ್ದಿದ್ದಕ್ಕೇ ನಿಮ್ಮ ಸಂಬಳ ಏರಿದ್ದು.

ಎಡಗಡೆ ಸೀಟು: ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1,500ಕ್ಕಿಂತ ಜಾಸ್ತಿ ಗಂಟೆ ಇತ್ತು, ತನಿಖೆಯಲ್ಲೇ ಇದೆ. ಓದಿ ಮಾತಾಡಿ. ವೇಗ ಕಡಿಮೆಯಾದ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದು ಕಾರಣ. ನಿದ್ದೆಗೆಟ್ಟಿದ್ದರು ಅಂತಲೂ ಅದರಲ್ಲಿದೆ.

ಡ್ಯಾಶ್ ಹಾರಿಸಿದವ: ನಿದ್ದೆ ಯಾಕೆ ಇರಲಿಲ್ಲ? ಆ ಸಂಬಳದಲ್ಲಿ ನ್ಯೂವರ್ಕ್ ಹತ್ತಿರ ಮನೆ ಮಾಡೋಕೆ ಆಗುತ್ತಾ?

ಪೈಲಟ್ ಮನೆಯವಳು: ಇಬ್ಬರೂ ಸ್ವಲ್ಪ ಸುಮ್ಮನಿರಿ. ಆ ಹುಡುಗ ಹೆಂಡತಿಗೆ ಏಳು ತಿಂಗಳು ಅಂದಿದ್ದಾನೆ. ನಮ್ಮವರು ಮೇನ್‌ಲೈನ್ ಸೇರಿದಾಗ ಮಗಳಿಗೆ ಹದಿನೈದು ದಿನ. ಮೊದಲ ವರ್ಷ 31 ಸಾವಿರ ಡಾಲರ್ ಕಡಿಮೆ ಬಂತು, ನನ್ನ ಎರಡು ಬಳೆ ಮಾರಿದೆವು. ಬಾಣಂತನಕ್ಕೆ ಅತ್ತೆ ಬಂದಿದ್ದರಿಂದ ಉಳಿದೆ. ಮೂರನೇ ವರ್ಷಕ್ಕೆ ಹಳೆಯ ಕ್ಯಾಪ್ಟನ್ ಸಂಬಳ ದಾಟಿತು. ತಮ್ಮಾ, ಬೇಸ್ (ಡ್ಯೂಟಿ ಶುರುವಾಗುವ ಊರು) ಯಾವುದು ಕೊಟ್ಟಿದ್ದಾರೆ? ಅದನ್ನು ಮೊದಲು ಹೇಳು.

ಎಡಗಡೆ ಸೀಟು: ಬಳೆ ಮಾರಿದ್ದಕ್ಕೂ ಸೀನಿಯಾರಿಟಿಗೂ ಏನು ಸಂಬಂಧ ಅಕ್ಕಾ?

ಪೈಲಟ್ ಮನೆಯವಳು: ನಿಮಗೆ ಸಂಬಂಧ ಕಾಣಲ್ಲ, ನನಗೆ ಕಾಣುತ್ತೆ.

ಷಾರ್ಲಟ್ ಹುಡುಗ: ಅಕ್ಕಾ, ಬೇಸ್ ನ್ಯೂಯಾರ್ಕ್. ಡ್ಯೂಟಿಗೆ ಹೋಗಿ ಬರೋದೇ ಒಂದು ಕೆಲಸ ಆಗುತ್ತೆ. ಶುಕ್ರವಾರದೊಳಗೆ ಉತ್ತರ ಕೊಡಬೇಕು.